ಬಾವಿ ದಾರಿಯ ವಕೀಲ

ಊಟಕ್ಕೆ ಕೂತಾಗ ನಮ್ಮ ಅಣ್ಣ ತಾಟಿನ ನಟ್ಟನಡುವೆ ಪುಂಡಿಪಲ್ಯ ಹಾಕಿಸಿಕೊಳ್ಳುತ್ತಿದ್ದ. ಆಮೇಲೆ ಜೋಳದ ರೊಟ್ಟಿ ಮುರಿದು ಚೂರುಗಳನ್ನು ಸುತ್ತಲೂ ಇಡುತ್ತಿದ್ದ. ಒಂದೊಂದು ಚೂರಿಗೂ ಒಂದೊಂದು ಊರಿನ ಹೆಸರು. ಇದು ಉದಗೀರ, ಇದು ನಿಲಂಗಾ, ಇದು ಉಮರ್ಗಾ, ಈ ಸಣ್ಣದು ವಲಾಂಡಿ. ಎಲ್ಲ ಇಟ್ಟಾದ ಮೇಲೆ ನಡುವಿನ ಪಲ್ಯಕ್ಕೆ, ಅಂದರೆ ಹೈದರಾಬಾದ್ ಶಹರಕ್ಕೆ, ಬೆರಳು ತೋರಿಸಿ ನನ್ನನ್ನು ಕೇಳುತ್ತಿದ್ದ: "ಇದು ಯಾರ್ದು ಹೇಳು ತಮ್ಮಾ?"

ನಾನು ಉತ್ತರ ಹುಡುಕುವುದರೊಳಗೆ ಅವ್ವ ಒಲೆಯ ಮುಂದಿನಿಂದ ಬಯ್ಯುತ್ತಿದ್ದಳು. "ರೊಟ್ಟಿ ಆರಲಿಕತ್ತದ, ಮೊದಲ ತಿನ್ನು. ನಿನ್ನ ಶಹರ ಎಲ್ಲೂ ಓಡಿ ಹೋಗಾಂಗಿಲ್ಲ."

"ಓಡಿ ಹೋಗ್ತದವ್ವಾ. ಗಡಿ ಎಳದ್ರ ಶಹರ ಓಡಿ ಹೋಗ್ತದ," ಎನ್ನುತ್ತಿದ್ದ ಅಣ್ಣ. ಆಮೇಲೆ ಪಲ್ಯವನ್ನು ಎಲ್ಲ ಚೂರುಗಳಿಗೂ ಸಮನಾಗಿ ಹಚ್ಚಿಕೊಂಡು ತಿನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಉದಗೀರದ ವಕೀಲರೆಲ್ಲ ಸೇರಿ ಕಚೇರಿಯಲ್ಲಿ ಅವನ ಫೋಟೋ ಹಾಕಿದರು. ತಮ್ಮನೆಂದು ನನ್ನನ್ನೂ ಕರೆದರು, ಎರಡು ಮಾತು ಆಡು ಎಂದರು. ಎದ್ದು ನಿಂತೆ, ಕೂತೆ. ದುಃಖ ತಡೆಯದಾಯಿತು ಎಂದು ಎಲ್ಲರೂ ಮರುಗಿದರು. ನಾನು ಕೂತ ಕಾರಣ ಅವರು ತಿಳಿದದ್ದಲ್ಲ. ಈಗ ನಮ್ಮ ಮಠದವರು ತಮ್ಮ ಸಂಚಿಕೆಗೆ ಅವನ ಬಗ್ಗೆ ಬರೆದುಕೊಡು ಎಂದಿದ್ದಾರೆ. ನಾನು ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವನು. ಕನ್ನಡದ ಅಕ್ಷರ ಮಠದ ಅಯ್ನೋರು ಮರಳಿನ ಮೇಲೆ ತಿದ್ದಿಸಿದ್ದು. ಆಮೇಲೆ ಆಯುಷ್ಯವೆಲ್ಲ ಎತ್ತು ಕೊಂಡೆ, ಎತ್ತು ಮಾರಿದೆ. ಅಣ್ಣನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇದು ಸನ್ಮಾನದ ಮಾತಿನಂತೆ ಕಾಣುತ್ತದೆ. ಅವನನ್ನು ಸನ್ಮಾನಿಸುವ ಹಕ್ಕು ನನಗಿಲ್ಲ.

ಅವನು ನೋಡಲು ಸಣ್ಣವನು. ಕರೀ ಕೋಟಿನೊಳಗೆ ಇನ್ನೊಬ್ಬ ಕೂರಬಹುದಿತ್ತು. ನಡೆಯುವಾಗ ನೆಲ ನೋಡುತ್ತಿದ್ದ, ಮಾತಾಡುವಾಗ ಎದುರಿನವನ ಹಣೆ ನೋಡುತ್ತಿದ್ದ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದ. ಬಯ್ದದ್ದನ್ನು ನಾನು ಕೇಳಿಲ್ಲ. ಅವನ ಹತ್ತಿರ ಬರುತ್ತಿದ್ದ ದಾವೆಗಳು ಬಹುತೇಕ ಒಂದೇ ಜಾತಿಯವು. ಬಾವಿ ಒಬ್ಬನ ಹೊಲದಲ್ಲಿರುತ್ತದೆ, ಊರೆಲ್ಲ ಅಲ್ಲಿಂದ ನೀರು ತರುತ್ತಿರುತ್ತದೆ; ಹೊಲದವನಿಗೆ ಒಂದು ದಿನ ತಲೆ ಕೆಟ್ಟು ದಾರಿಗೆ ಮುಳ್ಳು ಹಚ್ಚುತ್ತಾನೆ. ಮುಳ್ಳು ಹಚ್ಚಿಸಿಕೊಂಡವರು ಅಣ್ಣನ ಹತ್ತಿರ ಬರುತ್ತಿದ್ದರು.

ಇಂಥ ದಾವೆಗಳಲ್ಲಿ ಅವನು ನಕ್ಷೆಯನ್ನು ಕಡೆಗೆ ನೋಡುತ್ತಿದ್ದ. ಮೊದಲು ಆ ಊರಿಗೆ ಹೋಗಿ, ಚಪ್ಪಲಿ ಬಿಟ್ಟು, ಬಾವಿಯಿಂದ ಊರಿನ ತನಕ ನಡೆಯುತ್ತಿದ್ದ. ಹೆಂಗಸರು ಕೊಡ ಹೊತ್ತು ನಡೆದರೆ ನೀರು ತುಳುಕುತ್ತದೆ. ತುಳುಕಿದಲ್ಲಿ ಬೇಸಿಗೆಯಲ್ಲೂ ಒಂದು ಎಳೆ ಹಸಿರು ಇರುತ್ತದೆ. ಆ ಹುಲ್ಲನ್ನು ಮುನ್ಸಿಫರಿಗೆ ತೋರಿಸಿ ದಾವೆ ಗೆಲ್ಲುತ್ತಿದ್ದ. "ಬಾವಿ ಅವಂದೇ ಇರ್ಲಿ, ಯಾರು ಬ್ಯಾಡ ಅಂದಾರ? ದಾರಿ ನಮ್ದು." ಕಕ್ಷಿಗಾರರಿಗೆ ಹೇಳುತ್ತಿದ್ದುದು ಇಷ್ಟೇ. ಊರಿಗೂ ದೇಶಕ್ಕೂ ಅವನು ಅನ್ವಯಿಸಿದ ಕಾಯ್ದೆಯೂ ಇದೊಂದೇ.

ಕಚೇರಿ ಮುಗಿದ ಮೇಲೆ ಸ್ಟೇಷನ್ ಬಳಿಯ ಚಹಾದ ಹೋಟೆಲಿನಲ್ಲಿ ಅವನ ಬೈಠಕ್. ಹೈದರಾಬಾದಿನ ರೈಲು ತರುವ ಉರ್ದು ಪೇಪರು ಮೊದಲು ಅಲ್ಲಿಗೇ ಬರುತ್ತಿತ್ತು. ದೇಶಕ್ಕೆ ಹೊಸ ಸಂವಿಧಾನ ಬಂದ ದಿನಗಳವು. ಅಣ್ಣ ಅದನ್ನು ಕಡೆಯ ತನಕ ದಸ್ತೂರ ಎಂದೇ ಕರೆದ.

"ದಸ್ತೂರದಾಗ ರಾಜ್ಯದ ಹೆಸರು ಅದ. ಹಳ್ಳಿ ಪಂಚಾಯತಿಗೂ ಒಂದು ಕಲಮು ಅದ. ಶಹರಕ್ಕ? ಹುಡುಕ್ರಿ, ಸಿಕ್ರ ನಾ ವಕೀಲಿ ಬಿಡ್ತೀನಿ. ಜಡ್ಡಾದ್ರ ನಾವು ಎಲ್ಲಿ ಹೋಗ್ತೇವಿ? ದಾವಾ ಕಡೀಕ ಎಲ್ಲಿ ಹೋಗ್ತದ? ಮಕ್ಕಳು ಓದ್ಲಿಕ್ಕ ಎಲ್ಲಿ ಹೋಗ್ತಾವ? ಅದೇ ಶಹರ ದಸ್ತೂರಕ್ಕ ಗೊತ್ತಿಲ್ಲ."

"ದಿಲ್ಲಿ ಅದಲ್ರೀ ವಕೀಲಸಾಬ," ಎಂದ ಕಿರಾಣಿ ಅಂಗಡಿಯವ.

"ದಿಲ್ಲಿ ಸರಕಾರದ ಸ್ವಂತ ಮನಿ. ಅದಕ್ಕೊಂದು ಸಣ್ಣ ಅಸೆಂಬ್ಲಿ ಕೊಟ್ಟಾರ. ಮನಸ್ಸು ತಿರುಗಿದ ದಿನ ಕಸ್ಕೋತಾರ, ನೋಡ್ತಿರ್ರಿ."

ಆಮೇಲೆ ಅವನ ಸವಾರಿ ದೇಶ ದಾಟುತ್ತಿತ್ತು. ಕರಾಚಿಯನ್ನು ಹೊಸ ದೇಶದವರು ಅದರ ಸೂಬಾದಿಂದ ಕಿತ್ತು ತಾವೇ ಇಟ್ಟುಕೊಂಡರು; ಸಿಂಧಿನ ರೈತನಿಗೆ ತನ್ನ ಬಂದರಿನಲ್ಲೇ ತಾನು ಪರದೇಶಿ. ಟೋಕಿಯೋದಲ್ಲಿ ಉಲ್ಟಾ; ಶಹರ, ಸುತ್ತಿನ ಹಳ್ಳಿ, ಸಮುದ್ರದೊಳಗಿನ ನಡುಗಡ್ಡೆ ಎಲ್ಲ ಕೂಡಿಸಿ ಒಂದೇ ಆಡಳಿತ ಮಾಡಿದರು. ಸಿಯೋಲ್ ಶಹರವನ್ನು ಯಾವ ಪ್ರಾಂತಕ್ಕೂ ಸೇರಿಸದೆ ಸೀದಾ ಸರಕಾರದ ಕೈಕೆಳಗೆ ಇಟ್ಟರು. ಮನಿಲಾದವರು ರಾಜಧಾನಿಯನ್ನೇ ಎತ್ತಿ ಪಕ್ಕದಲ್ಲಿಟ್ಟರು. "ಎಲ್ಲಾ ಕಡೆ ಜಗಳ ಒಂದೇ, ಶಹರ ಯಾರ್ದು ಅಂತ. ದೂರದ ತಾಲೂಕಿನಾಂವಗ ಮಾತ್ರ ಯಾರೂ ಕೇಳಾಂಗಿಲ್ಲ, ನೀ ಯಾವ ಶಹರದಾಂವಪಾ ಅಂತ."

"ಅದೆಲ್ಲಾ ಇರ್ಲಿ, ಟೋಕಿಯೋದಾಗ ಜ್ವಾಳದ ಧಾರಣಿ ಏನದ ಹೇಳ್ರಿ," ಎಂದು ಒಬ್ಬ ಹಮಾಲ ಕೇಳಿದ. ಹೋಟೆಲೆಲ್ಲ ನಕ್ಕಿತು. ಅಣ್ಣನೂ ನಕ್ಕ. ಅವತ್ತಿನಿಂದ ಅವನು ಊರಿಗೆ ಟೋಕಿಯೋ ವಕೀಲನಾದ. ಅವನಿಗೆ ಈ ಹೆಸರು ಬೇಸರ ತರಲಿಲ್ಲ. ಬೇಸರವಾಗುತ್ತಿದ್ದುದು ನನಗೆ. ದೇವಣಿಯ ದನದ ಬಜಾರಿನಲ್ಲಿ ನನ್ನನ್ನು ಟೋಕಿಯೋ ವಕೀಲನ ತಮ್ಮ ಎಂದು ಕರೆಯತೊಡಗಿದ್ದರು.

ಬೇಸರಕ್ಕೆ ಬೇರೊಂದು ಬೇರೂ ಇತ್ತು. ಅಣ್ಣ ನನಗೆ ಮೊದಲು ದ್ರೋಹ ಮಾಡಿದ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಮಳೆಗಾಲದಲ್ಲಿ ಹೈದರಾಬಾದ್ ಸಂಸ್ಥಾನದ ಪರ ಬಂದೂಕು ಹಿಡಿದವರು ನಮ್ಮ ಸೀಮೆಯಲ್ಲಿ ಊರೂರು ಸುತ್ತುತ್ತಿದ್ದಾಗ ಅಪ್ಪ ಮತ್ತು ನಾನು ದನ ಹೊಡೆದುಕೊಂಡು, ಗುಂಜೋಟಿ ದಾಟಿ, ಸೊಲ್ಲಾಪುರದ ಕಡೆ ಗಡಿ ಸೇರಿದೆವು. ಅದು ಮುಂಬೈ ಸರಕಾರದ ನೆಲ. ಅಲ್ಲಿನ ಶಿಬಿರದಲ್ಲಿ ಅಪ್ಪನಿಗೆ ವಾಂತಿಭೇದಿ ಹತ್ತಿತು. ಅಣ್ಣ ಹೈದರಾಬಾದಿನಲ್ಲಿ ವಕೀಲಿ ಪರೀಕ್ಷೆಗೆ ಓದುತ್ತಿದ್ದ. ದೊಡ್ಡವನು ಬಂದನೇ ಎಂದು ಅಪ್ಪ ಕೇಳುತ್ತಲೇ ಸತ್ತ. ದಾರಿಗಳೆಲ್ಲ ಬಂದಾಗಿದ್ದವು, ಸುದ್ದಿ ಅವನಿಗೆ ಮುಟ್ಟಿರಲೇ ಇಲ್ಲ. ಇದು ನನಗೆ ತಿಳಿಯದ ಮಾತಲ್ಲ. ಆದರೂ ಅವನು ವಕೀಲಿಯ ಸನದು ಮತ್ತು ಪುಸ್ತಕದ ಪೆಟ್ಟಿಗೆ ಹಿಡಿದು ಮನೆಗೆ ಬಂದಾಗ ನಾನು ಅವನ ಕಾಲಿಗೆ ನೀರು ಕೊಡಲಿಲ್ಲ.

ಅಷ್ಟರಲ್ಲಿ ದಿಲ್ಲಿಯ ಸೈನ್ಯ ಬಂದು, ಸಂಸ್ಥಾನದ ದರಬಾರು ಮುಗಿದು, ಗಾಳಿ ತಿರುಗಿತ್ತು. ಈಗ ಮುಸಲ್ಮಾನರ ಮನೆಗಳ ಮೇಲೆ ಜನ ಏರಿ ಹೋಗುತ್ತಿದ್ದರು. ಉದಗೀರದಲ್ಲಿ ಅಣ್ಣನಿಗೆ ಚಿಕ್ಕಂದಿನಲ್ಲಿ ಫಾರಸಿ ಕಲಿಸಿದ ಉಸ್ತಾದರೊಬ್ಬರಿದ್ದರು. ಅಣ್ಣ ಅವರ ಬಾಗಿಲಿನಲ್ಲಿ ಕುರ್ಚಿ ಹಾಕಿ ಕೂತ. ಹಗಲು ರಾತ್ರಿ ಅಲ್ಲೇ. ನಾನು ಅಲ್ಲಿಗೆ ಹೋಗಿ ಮಂದಿಯ ಮುಂದೆಯೇ ಹೇಳಿದೆ: "ನಮ್ಮಪ್ಪ ಸಾಯಾಗ ಬರ್ಲಿಲ್ಲ. ಉಸ್ತಾದನ ಬಾಗಿಲಾ ಕಾಯ್ಲಿಕ್ಕ ಬಂದಿ."

ಅವನು ಕನ್ನಡಕ ತೆಗೆಯಲಿಲ್ಲ. "ಅಪ್ಪನ ಬಾಗಿಲಾಗ ಇರ್ಲಿಲ್ಲ ಅಂತೇ ಇಲ್ಲಿ ಕುಂತೀನಿ," ಎಂದ.

ಉಸ್ತಾದರ ಮನೆ ಉಳಿಯಿತು. ನನ್ನ ಸಿಟ್ಟೂ ಉಳಿಯಿತು.

ಅದು ಒಂದು ಸಲ ಮಾತ್ರ ಪೂರ್ತಿ ಕರಗಿತ್ತು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ನೋವು ತಿನ್ನುತ್ತಿದ್ದಳು, ಸೂಲಗಿತ್ತಿ ಕೈ ಚೆಲ್ಲಿದಳು. ಅಣ್ಣ ಯಾರನ್ನೂ ಕೇಳದೆ ಆಕೆಯನ್ನು ಹಾಸಿಗೆ ಸಮೇತ ಹೈದರಾಬಾದಿನ ರೈಲಿಗೆ ಏರಿಸಿದ. ದೊಡ್ಡ ದವಾಖಾನೆಯಲ್ಲಿ ಡಾಕ್ಟರರ ಹಿಂದೆ ಓಡಾಡಿದ, ಉರ್ದುವಿನಲ್ಲಿ ಬೇಡಿದ, ಗದರಿದ. ತಾಯಿಯೂ ಉಳಿದಳು, ಮಗಳೂ ಉಳಿದಳು. ಹಿಂದಿರುಗುವಾಗ ರೈಲಿನಲ್ಲಿ ಮಗುವನ್ನು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು, "ಈಗ ಹೇಳು ತಮ್ಮಾ, ಇದು ಯಾರ ಶಹರ?" ಎಂದ. "ನಮ್ದು ಅಣ್ಣಾ," ಎಂದೆ. ಆಗ ಹೇಳಿದ್ದು ನಿಜ.

ಕೆಲವು ವರ್ಷಗಳಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆಯುವ ಮಾತು ಬಂತು. ಆಡುವ ಭಾಷೆಗೆ ತಕ್ಕ ರಾಜ್ಯ, ಹೈದರಾಬಾದ್ ಸಂಸ್ಥಾನ ಮೂರು ಹೋಳು. ನಮ್ಮ ಮಠದವರು ಕನ್ನಡದ ಕಡೆ ಹೋಗೋಣ ಎಂದರು, ಬಜಾರಿನವರು ಮರಾಠಿಯ ಕಡೆ ಎಂದರು. ಅಣ್ಣ ಇಬ್ಬರಿಂದಲೂ ಬಯ್ಸಿಕೊಂಡ. "ಮನಿ ಮಾತು ಕನ್ನಡ, ಬಜಾರದ ಮಾತು ಮರಾಠಿ, ಕಚೇರಿ ಮಾತು ಉರ್ದು. ಯಾವ ನಾಲಿಗಿ ಕೊಯ್ದು ಕೊಡ್ಲಿ?" ಎಂದ. ಅವನು ಕೇಳುತ್ತಿದ್ದುದು ಬೇರೆಯೇ. ಗಡಿ ಎಲ್ಲಿ ಬೇಕಾದರೂ ಎಳೆಯಿರಿ. ಆದರೆ ಒಂದು ತಾಲೂಕಿನ ಜನ ಯಾವ ಶಹರದಲ್ಲಿ ದವಾಖಾನೆ, ಕೋರ್ಟು, ಕಾಲೇಜು ಕಂಡಿದ್ದಾರೋ ಆ ಶಹರದ ದಾರಿ ಅವರಿಗೆ ಮುಚ್ಚಬಾರದು, ಅದನ್ನು ದಸ್ತೂರದಲ್ಲಿ ಬರೆಯಿರಿ. ಶಹರ ಯಾವ ರಾಜ್ಯದ ಹೊಲದಲ್ಲಿದ್ದರೂ ಇರಲಿ, ದಾರಿ ಎಲ್ಲರದು. ಒಂದೇ ಸಾಲು. ಆ ಸಾಲನ್ನು ಎಷ್ಟು ಸಲ ಹೊಡೆದುಹಾಕಿ ಮತ್ತೆ ಬರೆದನೋ. ಕಡೆಗೆ ನನಗೂ ಬಾಯಿಪಾಠವಾಗಿತ್ತು.

ಜನರ ಮಾತು ಕೇಳಲು ಗಡಿ ಆಯೋಗದ ಸಾಹೇಬರು ಉದಗೀರದ ಡಾಕ್ ಬಂಗಲೆಗೆ ಬರುವವರಿದ್ದರು. ಅಣ್ಣ ತನ್ನ ಭಾಷಣಕ್ಕಿಂತ ಸಾಕ್ಷಿಗಳನ್ನು ನಂಬಿದ್ದ. ವಲಾಂಡಿಯ ರೈತರು ಕೆಲವರು, ನಿಲಂಗಾದ ಒಬ್ಬ ಬಟ್ಟೆ ವ್ಯಾಪಾರಿ, ಎಲ್ಲರಿಗಿಂತ ಮೊದಲು ನಾನು. "ನೀ ಕಾಯ್ದೆ ಗೀಯ್ದೆ ಏನೂ ಹೇಳಬ್ಯಾಡ. ಮಗಳು ಎಲ್ಲಿ ಹುಟ್ಯಾಳ, ಅಷ್ಟ ಹೇಳು. ನೀ ಹುಲ್ಲು ಇದ್ದಂಗ, ನಿನ್ನ ತೋರಿಸಿದ್ರ ದಾರಿ ಕಾಣ್ತದ," ಎಂದ. ಹೂಂ ಎಂದೆ.

ಹಿಂದಿನ ದಿನ ದೇವಣಿಯ ಬಜಾರು. ದನದ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನೂ ಮಾರುವವನೂ ಕೈ ಹಿಡಿದು ಮೇಲೆ ಶಲ್ಯ ಮುಚ್ಚುತ್ತಾರೆ. ಶಲ್ಯದ ಕೆಳಗೆ ಬೆರಳುಗಳೇ ಕೇಳುತ್ತವೆ, ಬೆರಳುಗಳೇ ಹೇಳುತ್ತವೆ. ಮುಖ ಮಾತ್ರ ಮಳೆ ಬೆಳೆ ಮಾತಾಡುತ್ತಿರುತ್ತದೆ. ಕಡೆಗೆ ಒಬ್ಬನು ಇನ್ನೊಬ್ಬನ ಬೆರಳು ಬಿಗಿಯಾಗಿ ಒತ್ತಿದರೆ ವ್ಯಾಪಾರ ಮುಗಿಯಿತು. ಆ ಮೇಲೆ ಮಾತು ತಿರುಗಿಸಿದವನಿಗೆ ಆಯುಷ್ಯದಲ್ಲಿ ಮತ್ತೆ ಯಾರೂ ಶಲ್ಯದ ಕೆಳಗೆ ಕೈ ಕೊಡುವುದಿಲ್ಲ. ಕೋರ್ಟಿನ ಆಣೆಗಿಂತ ಅದು ನಮಗೆ ದೊಡ್ಡದು.

ನನ್ನ ಹತ್ತಿರ ಬಿಳೀ ಮೈ, ಕರೀ ಮುಖದ ವಾನೇರಾ ಎತ್ತಿನ ಜೋಡಿ ಇತ್ತು. ಅದನ್ನು ನೋಡಲು ಬಂದವನು ಬಜಾರಿನ ದೊಡ್ಡ ವ್ಯಾಪಾರಿ. ಎಲ್ಲರೂ ಅವನನ್ನು ನಾನಾ ಎನ್ನುತ್ತಿದ್ದರು. ಮುಂಬೈ ಕಡೆ ಸೇರಬೇಕೆನ್ನುವವರ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು. ಶಲ್ಯ ಮುಚ್ಚಿದ. ಬೆಲೆ ಕೂಡಿತು. ನಾನು ಕೈ ತೆಗೆಯಲು ಹೋದರೆ ಅವನು ಬಿಡಲಿಲ್ಲ.

"ಕಾಯ್ ರೇ, ಉದ್ಯಾ ಭಾವಾಸಾಠೀ ಬೋಲಣಾರ?" ಎಂದ. ನಾಳೆ ಅಣ್ಣನ ಪರ ಮಾತಾಡ್ತೀಯೇನೋ ಎಂದು.

"ನಾನಾ, ಎತ್ತಿನ ಮಾತು ಆಡ್ರಿ."

"ಎತ್ತಿನ ಮಾತೇ ಆಡ್ಲಿಕತ್ತೀನಿ," ಎಂದು ಕನ್ನಡಕ್ಕೆ ಹೊರಳಿದ. "ಈ ಬಜಾರಕ್ಕ ಒಬ್ಬ ಮುಖ್ಯ ದಲಾಲ ಬೇಕು. ಯಾವ ಜೋಡಿ ಹೋದ್ರೂ ಅವನ ಕೈ ದಾಟಿ ಹೋಗ್ಬೇಕು. ನಾಳಿಗಿ ಬಜಾರ ಮುಂಬೈ ಸರಕಾರದಾಗ ಬರೋದು. ಹೈದ್ರಾಬಾದ್ ಅಂದಾಂವಗ ಇಲ್ಲಿ ಯಾರು ಕೈ ಕೊಡ್ತಾರ?" ಸ್ವಲ್ಪ ತಡೆದು ಕೇಳಿದ: "ನಿಮ್ಮಪ್ಪನ ಬಾಯಿಗೆ ಕಡೀ ನೀರು ಹಾಕಿದ ನೆಲ ಯಾವ್ದೋ? ಆಗ ನಿಮ್ಮ ಹೈದ್ರಾಬಾದ್ ಏನ್ ಮಾಡ್ತಿತ್ತು? ನಿಮ್ಮಣ್ಣ ಏನ್ ಮಾಡ್ತಿದ್ದ?"

ಕೈ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಎತ್ತುಗಳು ಮೇವು ಮೆಲ್ಲುತ್ತಿದ್ದವು. ಸುತ್ತಲೂ ನಿಂತವರಿಗೆ ನಾವಿಬ್ಬರೂ ಇನ್ನೂ ಬೆಲೆ ಆಡುತ್ತಿದ್ದಂತೆ ಕಾಣುತ್ತಿತ್ತು. ನಾನು ಅವನ ಬೆರಳು ಒತ್ತಿದೆ.

ಡಾಕ್ ಬಂಗಲೆಯ ವರಾಂಡದಲ್ಲಿ ಸಾಹೇಬರು ಕೂತಿದ್ದರು. ಅಣ್ಣ ಮಾತು ಮುಗಿಸಿದ, ತನ್ನ ಒಂದು ಸಾಲು ಓದಿದ. ಒಬ್ಬ ಸಾಹೇಬರು ತಲೆ ಎತ್ತಿ, ಇನ್ನೊಮ್ಮೆ ಓದಿ ಎಂದರು. ಅಣ್ಣನ ಕಿವಿ ಕೆಂಪಾದವು. ಅವನಿಗೆ ಸಂತೋಷವಾದರೆ ಹಾಗಾಗುತ್ತಿತ್ತು. ಆಮೇಲೆ ನನ್ನನ್ನು ಮುಂದೆ ಕರೆದರು. ಸಾಹೇಬರು ಸಾದಾ ಹಿಂದುಸ್ತಾನಿಯಲ್ಲಿ ಕೇಳಿದರು: ದವಾಖಾನೆಗೆ, ಕಚೇರಿ ಕೆಲಸಕ್ಕೆ ನೀವು ಯಾವ ಶಹರಕ್ಕೆ ಹೋಗುತ್ತೀರಿ?

"ಮುಂಬೈ," ಎಂದೆ.

ಹಿಂದೆ ನಾನಾನ ಕಡೆಯವರು ಚಪ್ಪಾಳೆ ಹೊಡೆದರು. ನಾನು ಅಲ್ಲಿಯ ತನಕ ಮುಂಬೈಯನ್ನು ಕ್ಯಾಲೆಂಡರಿನ ಚಿತ್ರದಲ್ಲಿ ನೋಡಿದ್ದೆ, ಅಷ್ಟೇ. ಸಾಹೇಬರು ಅಣ್ಣನ ಕಡೆ ತಿರುಗಿ, ವಕೀಲರು ಏನಾದರೂ ಕೇಳುವುದಿದೆಯೇ ಎಂದರು. ಒಂದು ಪ್ರಶ್ನೆ ಸಾಕಿತ್ತು. ಮುಂಬೈಯಲ್ಲಿ ದವಾಖಾನೆ ಯಾವ ಬೀದಿಯಲ್ಲಿದೆ ಎಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಅಣ್ಣ ಕನ್ನಡಕ ತೆಗೆದ, ಧೋತರದ ಚುಂಗಿನಿಂದ ಒರೆಸಿದ.

"ನಹೀ ಜನಾಬ್. ಗವಾಹ್ ಮೇರಾ ಹೈ." ಸಾಕ್ಷಿ ನನ್ನವನು, ನನ್ನ ಸವಾಲಿಲ್ಲ.

ನನ್ನ ಹಿಂದೆ ನಿಂತ ವಲಾಂಡಿಯ ಹಿರಿಯ ರೈತ ಮುಂದೆ ಬರಲೇ ಇಲ್ಲ. "ಮನ್ಯಾಗಿನ ತಮ್ಮನೇ ಮುಂಬೈ ಅಂ‌ದ್ರ ನಾವ್ಯಾರ್ರೀ," ಎಂದು ರುಮಾಲು ಕೊಡವಿ ಇಳಿದು ಹೋದ. ಬಟ್ಟೆ ವ್ಯಾಪಾರಿ ಮೊದಲೇ ಹೋಗಿದ್ದ. ನನ್ನೊಬ್ಬನ ಮಾತಿನಿಂದ ಗಡಿ ಎಳೆದರು ಎನ್ನುವ ಹುಚ್ಚು ನನಗಿಲ್ಲ. ಅದು ದೊಡ್ಡವರ ಲೆಕ್ಕ. ಆದರೆ ಅಣ್ಣನ ಆ ಒಂದು ಸಾಲು ಆ ವರಾಂಡದ ಮೆಟ್ಟಿಲ ಮೇಲೆ ಸತ್ತಿತು. ಕೊಂದವನು ನಾನು.

ಮನೆಗೆ ಇಬ್ಬರೂ ಕೂಡಿಯೇ ನಡೆದೆವು. ಅರ್ಧ ದಾರಿಯಲ್ಲಿ ಕೇಳಿದ: "ಜೋಡಿಗೆ ಚಲೋ ಬೆಲಿ ಬಂತೇನೋ?"

"ಬಂತು."

"ಚಲೋ ಆತು."

ಅಷ್ಟೇ. ಆಮೇಲೆ ಆ ವಿಷಯ ಅವನ ಬಾಯಿಂದ ಬರಲಿಲ್ಲ. ಬಂದದ್ದು ನನ್ನ ಹೆಂಡತಿಯ ಬಾಯಿಂದ. ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಮಗಳನ್ನು ಎತ್ತಿ ನನ್ನ ಮುಂದೆ ಕೂರಿಸಿ, "ಹಂಗಾರ ನಾ ಎಲ್ಲಿ ಹಡದೆ ಹೇಳ್ರಿ," ಎಂದಳು. ಉತ್ತರಕ್ಕೆ ಕಾಯಲಿಲ್ಲ, ಒಳಗೆ ಹೋದಳು.

ಗಡಿ ಬಿತ್ತು. ಉದಗೀರ, ನಿಲಂಗಾ, ಉಮರ್ಗಾ ಮುಂಬೈ ರಾಜ್ಯಕ್ಕೆ, ಬೀದರ ಮೈಸೂರಿಗೆ, ಹೈದರಾಬಾದ್ ಶಹರ ಆಂಧ್ರಕ್ಕೆ. ರೈಲು ಅದೇ, ಹಳಿ ಅದೇ, ಸ್ಟೇಷನ್ನಿನ ಚಹಾ ಅದೇ. ನಡುವೆ ಎರಡು ರಾಜ್ಯದ ಗಡಿ. ಮುಂಬೈಗಾಗಿ ಆ ದಿನಗಳಲ್ಲಿ ಜಗಳ ನಡೆದಿತ್ತು, ಮರಾಠಿಯವರದೋ, ಗುಜರಾತಿಯವರದೋ, ದಿಲ್ಲಿಯ ಕೈಕೆಳಗಿನದೋ ಎಂದು. ಅಣ್ಣ ಹೋಟೆಲಿನಲ್ಲಿ ಪೇಪರು ಮಡಿಸಿ ಹೇಳಿದ: "ಮುಂಬೈ ಎಲ್ಲಾರ್ದು, ಒಬ್ರಿಗೇ ಹ್ಯಾಂಗ ಕೊಡೋದು ಅಂತ ಎಷ್ಟು ಮಂದಿ ತಲಿ ಕೆಡಿಸ್ಕೊಂಡಾರ! ಹೈದ್ರಾಬಾದೂ ಎಲ್ಲಾರ್ದು ಅಂತ ಒಬ್ರೂ ಒಂದು ದಿನ ಅನ್ಲಿಲ್ಲ." ಅವತ್ತು ಯಾರೂ ಟೋಕಿಯೋದ ಧಾರಣೆ ಕೇಳಲಿಲ್ಲ.

ನಾನಾ ನನಗೆ ದಲಾಲಿಯ ಗಾದಿ ಕೊಟ್ಟ. ಒಂದು ಸುಗ್ಗಿ ಕೂತೆ. ಗಡಿ ಗಟ್ಟಿಯಾದ ಮೇಲೆ ಅದನ್ನು ತನ್ನ ಅಳಿಯನಿಗೆ ಕೊಟ್ಟ. ಕೇಳಲು ಹೋದರೆ, "ತುಮ್ಹೀ ಕಾನಡೀ ಲೋಕ. ಆತಾ ತುಮಚಂ ಇಥಂ ಕಾಯ್?" ಎಂದ. ನೀವು ಕನ್ನಡದ ಜನ, ಇನ್ನು ನಿಮ್ಮದೇನು ಇಲ್ಲಿ. ಶಲ್ಯದ ಕೆಳಗೆ ಕೊಟ್ಟ ಮಾತು ಮುರಿದವನಿಗೆ ಯಾರೂ ಕೈ ಕೊಡುವುದಿಲ್ಲ ಎಂದು ಮೇಲೆ ಬರೆದೆ. ನಾನಾನಿಗೆ ಎಲ್ಲರೂ ಕೊಟ್ಟರು.

ಅಣ್ಣನ ವಕೀಲಿ ಸೊರಗಿತು. ಕಚೇರಿಯಲ್ಲಿ ಉರ್ದು ಹೋಯಿತು. ಅಪೀಲುಗಳು ಹೈದರಾಬಾದಿಗೆ ಹೋಗುವುದು ನಿಂತು ಮುಂಬೈಗೆ ಹೋಗತೊಡಗಿದವು. ಮುಳ್ಳು ಹಚ್ಚಿಸಿಕೊಂಡ ಬಡವರು ಅಷ್ಟು ದೂರ ಹೋಗುವ ಬದಲು ಬೇರೆ ಬಾವಿ ನೋಡಿಕೊಂಡರು. ಅವನು ಮಾತ್ರ ಒಂದೇ ಕರೀ ಕೋಟಿನಲ್ಲಿ ದಿನವೂ ಕಚೇರಿಗೆ ಹೋಗುತ್ತಿದ್ದ. ಅವ್ವ ಅಷ್ಟರಲ್ಲಿ ತೀರಿಕೊಂಡಿದ್ದಳು, ಅವನು ಮದುವೆಯಾದವನಲ್ಲ, ನನ್ನ ಮನೆಯಲ್ಲೇ ಉಣ್ಣುತ್ತಿದ್ದ. ನನ್ನ ಮಗಳಿಗೆ ತಾಟಿನಲ್ಲಿ ರೊಟ್ಟಿಯ ಚೂರು ಇಟ್ಟು ಊರುಗಳ ಹೆಸರು ಕಲಿಸುತ್ತಿದ್ದ. ನಾನು ಬಂದರೆ ಆಟ ನಿಲ್ಲಿಸುತ್ತಿದ್ದ.

ಆಮೇಲೆ ಗಂಟಲಿಗೆ ಗಂಟು ಬಂತು. ದನಿ ಒಡೆಯಿತು, ರೊಟ್ಟಿ ಇಳಿಯದಾಯಿತು. ಉದಗೀರದ ಡಾಕ್ಟರರು ಮುಟ್ಟಿ ನೋಡಿ, ತಡ ಮಾಡಬೇಡಿ, ದೊಡ್ಡ ಶಹರಕ್ಕೆ ಒಯ್ಯಿರಿ ಎಂದರು. ಮರುದಿನ ಬೆಳಿಗ್ಗೆ ನಾನು ಗಾಡಿ ಕಟ್ಟಿದೆ, ಹಾಸಿಗೆ ಹಾಕಿದೆ. ಸ್ಟೇಷನ್ನಿಗೆ ಹೊರಟ ಗಾಡಿ. ಅಣ್ಣ ಕೋಟು ತೊಟ್ಟು ಕಟ್ಟೆಯ ಮೇಲೆ ಕೂತಿದ್ದ.

"ಎಲ್ಲಿಗೆ?" ಎಂದ ಪಿಸುದನಿಯಲ್ಲಿ.

"ಹೈದ್ರಾಬಾದ್‌ಗೆ, ಅಣ್ಣಾ."

"ಅದು ಬ್ಯಾರೆ ರಾಜ್ಯ. ನಿನ್ನ ಶಹರಕ್ಕ ಒಯ್ಯಿ."

ನನ್ನ ಹೆಂಡತಿ ಅವನ ಕಾಲು ಹಿಡಿದಳು. "ಭಾವಾ, ನಾ ಸಾಯೋಕಿ ಬದುಕಿ ಬಂದ ದವಾಖಾನಿ ಅದು. ನಡೀರಿ."

"ನಿನ್ನ ಗಂಡ ಸರಕಾರದ ಮುಂದ ಹೇಳ್ಯಾನವಾ. ದವಾಖಾನಿಗೆ ಮುಂಬೈಗೆ ಹೋಗ್ತೇವಿ ಅಂದಾನ. ಸಾಕ್ಷಿ ನಾ ಮುರಿಯಾಂಗಿಲ್ಲ." ಎಂದವನು ನನ್ನ ಹಣೆಯನ್ನಲ್ಲ, ಕಣ್ಣನ್ನು ನೋಡಿದ. ನೋಡುತ್ತಲೇ ಇದ್ದ.

ಅವನಿಗೆ ಏನು ಬೇಕಿತ್ತೆಂದು ನನಗೆ ಗೊತ್ತಿತ್ತು. ನಾ ಸುಳ್ಳು ಹೇಳಿದೆ ಅಣ್ಣಾ ಎಂದರೆ ಸಾಕಿತ್ತು. ಅವನು ಆ ಕ್ಷಣವೇ ಎದ್ದು ಗಾಡಿ ಏರುತ್ತಿದ್ದ. ಅವನು ಮುರಿಯದ ಸಾಕ್ಷಿಯನ್ನು ನಾನೇ ಮುರಿಯಬೇಕಿತ್ತು. ಗಾಡಿಯವನು ನಿಂತಿದ್ದ, ಪಕ್ಕದ ಮನೆಯವರು ನಿಂತಿದ್ದರು, ಹೆಂಡತಿ ನನ್ನ ಮುಖ ನೋಡುತ್ತಿದ್ದಳು. ನನ್ನೊಳಗೆ ಎದ್ದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ತನ್ನ ಜೀವ ಅಡವಿಟ್ಟು ನನ್ನನ್ನು ಸೋಲಿಸಲು ಕೂತಿದ್ದಾನೆ, ಅಪ್ಪ ಸತ್ತಾಗಲೂ ನನ್ನನ್ನು ಒಬ್ಬನೇ ಬಿಟ್ಟವನು ಈಗಲೂ ಬಿಡುತ್ತಿದ್ದಾನೆ ಎಂದೆನಿಸಿತು. "ಆತು, ಮುಂಬೈಗೇ ನಡಿ," ಎಂದೆ. ಗಾಡಿ ಮೋಟಾರು ಸ್ಟ್ಯಾಂಡಿನ ಕಡೆ ತಿರುಗಿತು.

ಲಾತೂರಿಗೆ ಮೋಟಾರು, ಅಲ್ಲಿಂದ ಸಣ್ಣ ರೈಲಿನಲ್ಲಿ ಕುರ್ಡುವಾಡಿ, ಅಲ್ಲಿ ಮುಂಬೈ ಗಾಡಿಗೆ ಕಾಯುವುದು. ಎತ್ತಿ ಇಳಿಸುವಾಗ ಅವನು ಜೋಳದ ದಂಟಿನಷ್ಟು ಹಗುರ. ನೀರು ಹನಿ ಹನಿಯಾಗಿ ಕುಡಿಸಬೇಕಿತ್ತು. ಕುರ್ಡುವಾಡಿಯಲ್ಲಿ ಬೆಂಚಿನ ಮೇಲೆ ಮಲಗಿದವನು ಕಣ್ಣು ತೆರೆದು, "ಟೋಕಿಯೋ ಇನ್ನೂ ಎಷ್ಟು ದೂರ ಅದನೋ?" ಎಂದ. ನಾನು ನಗಲಿಲ್ಲ. ಅವನಿಗೆ ನಗಲು ಆಗಲಿಲ್ಲ.

ಮುಂಬೈಯಲ್ಲಿ ಸ್ಟೇಷನ್ನಿನ ಹೊರಗೆ ನಿಂತಾಗ ಯಾವ ಕಡೆ ಹೋಗಬೇಕೆಂದು ನನಗೆ ತಿಳಿಯಲಿಲ್ಲ. ಕೇಳಿದರೆ ನನ್ನ ಮರಾಠಿಗೆ ನಕ್ಕರು. ಒಬ್ಬ ಕುದುರೆಗಾಡಿಯವನು ಅಣ್ಣನ ಮುಖ ನೋಡಿ, ಏನೂ ಕೇಳದೆ ದವಾಖಾನೆಗೆ ಒಯ್ದ. ದಾರಿಯ ಗೋಡೆಗಳ ಮೇಲೆಲ್ಲ ಮುಂಬೈ ಆಮ್ಚೀ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅಣ್ಣ ಒಂದೊಂದನ್ನೂ ಓದಿದ. "ಶಹರ ನಂದು ಅನ್ನೋರೇ ಎಲ್ಲಾರೂ," ಎಂದ. "ನಾ ಶಹರದಾಂವ ಅನ್ನೋರು ಬೇಕಾಗ್ಯಾರ."

ಡಾಕ್ಟರರು ಪರೀಕ್ಷೆ ಮಾಡಿ ನನ್ನನ್ನು ಹೊರಗೆ ಕರೆದರು. ಇನ್ನೊಂದಿಷ್ಟು ಮೊದಲು ತಂದಿದ್ದರೆ ನೋಡಬಹುದಿತ್ತು, ಪ್ರಯಾಣವೂ ಆಯಾಸ ಮಾಡಿದೆ ಎಂದರು. ಹೈದರಾಬಾದಿನಲ್ಲಿ ಉಳಿಯುತ್ತಿದ್ದನೇ? ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದೇ ನನ್ನ ಪಾಲಿಗೆ ಬಂದದ್ದು.

ವಾರ್ಡಿನಲ್ಲಿ ಕೆಲವು ದಿನ ಇದ್ದ. ದಾದಿಯರು ಅವನನ್ನು ಚೆನ್ನಾಗಿ ನೋಡಿಕೊಂಡರು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡ. "ಇದೂ ಚಲೋ ಶಹರ ಅದ ತಮ್ಮಾ. ಯಾವ ರಾಜ್ಯದಾಂವ ಅಂತ ಕೇಳ್ಲಾರದೇ ಒಳಗ ಬಿಟ್ಟದ." ಉಸಿರು ತೆಗೆದುಕೊಂಡು ಕೇಳಿದ: "ನಿಂಗೇನರ ಹೇಳೋದದ ಏನು?"

ಪಕ್ಕದ ಮಂಚದವರು ಮಲಗಿದ್ದರು. ಕೇಳುವವರು ಯಾರೂ ಇರಲಿಲ್ಲ. ಕೇಳಿದರೂ ತಿಳಿಯದ ಭಾಷೆ ನಮ್ಮದು.

"ಮಲಕೋ ಅಣ್ಣಾ," ಎಂದೆ.

ಅವನು ಕೈ ಬಿಟ್ಟ. ಮರುದಿನ ಹೊತ್ತು ಇಳಿಯುವುದರೊಳಗೆ ಹೋದ.

ನಮ್ಮವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅದನ್ನು ದವಾಖಾನೆಯವರಿಗೆ ತಿಳಿಸಿ ಹೇಳಲು ನನ್ನ ಮರಾಠಿ ಸಾಲಲಿಲ್ಲ. ನಾನು ಕನ್ನಡದಲ್ಲಿ ಅಳುವುದನ್ನು ಕೇಳಿ ಒಬ್ಬ ಹುಡುಕಿಕೊಂಡು ಬಂದ. ಗುಂಜೋಟಿಯವನು, ಮಿಲ್ಲಿನಲ್ಲಿ ಕೆಲಸ, ಪಕ್ಕದ ವಾರ್ಡಿನಲ್ಲಿ ತನ್ನವರನ್ನು ನೋಡಲು ಬಂದಿದ್ದ. ಅವನೇ ತಾನಿದ್ದ ಚಾಳಿನ ಮನೆಗಳಿಂದ ನಾಲ್ಕು ಮಂದಿಯನ್ನು ಕರೆತಂದ, ಒಬ್ಬ ಜಂಗಮರನ್ನು ಕರೆತಂದ, ನಮ್ಮವರನ್ನು ಹೂಳುವ ಜಾಗ ತೋರಿಸಿದ. ಅಣ್ಣನನ್ನು ಕೂರಿಸಿದೆವು. ಕೈಯಲ್ಲಿ ಲಿಂಗ, ಮೈ ಮೇಲೆ ವಿಭೂತಿ, ಮೇಲೆ ಬಿಲ್ವಪತ್ರೆ, ಆಮೇಲೆ ಮುಂಬೈಯ ಮಣ್ಣು. ಕರೀ ಕೋಟನ್ನು ನಾನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ.

ನಳದ ಹತ್ತಿರ ಕೈಕಾಲು ತೊಳೆಯುವಾಗ ಗುಂಜೋಟಿಯವನು ನನಗೆ ನೀರು ಹಾಕಿದ. ಬಹಳ ಹೊತ್ತು ತಡೆದುಕೊಂಡ ಮಾತು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಸಿಟ್ಟಾಗಬ್ಯಾಡ್ರಿ ಕಾಕಾ, ಕೇಳ್ತೀನಿ. ಉದಗೀರದಿಂದ ಹೈದ್ರಾಬಾದ್‌ಗೆ ಸೀದಾ ರೈಲು ಅದಲ್ರೀ. ಇಂಥಾ ಜಡ್ಡಿನ ಮನುಷ್ಯಾನ ಇಷ್ಟು ದೂರ ಯಾಕ ತಂದ್ರಿ?"

ನೀರು ನನ್ನ ಕೈ ಮೇಲೆ ಬೀಳುತ್ತಲೇ ಇತ್ತು.

"ಸಾಯೋದ್ರೊಳಗ ಒಂದ್ಸಲ ಮುಂಬೈ ನೋಡ್ಬೇಕು ಅಂತಿದ್ದ ಅಂವಾ," ಎಂದೆ.

ಅವನು ಗೋಣು ಹಾಕಿದ. ನಂಬಿದ.